ಕಡಿಮೆ ಖರ್ಚಿನಲ್ಲಿ ಊರಿನ ಸೈರನ್‌ಗಳ ಜಾಗ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡೋ ನಾಲ್ಕೋ ಎಚ್ಚರಿಕೆ ಸೈರನ್ ಇರುವ, ಕೈಯಲ್ಲಿ ದುಡ್ಡು ಕಡಿಮೆ ಇರುವ ಸಣ್ಣ ಊರುಗಳಿಗಾಗಿ ಈ ಪುಟ. ಬಿರುಗಾಳಿ, ಪ್ರವಾಹ, ಕಾಡ್ಗಿಚ್ಚು, ಕಾರ್ಖಾನೆಯಿಂದ ವಿಷಾನಿಲ ಸೋರುವುದು, ಹೀಗೆ ಕಾರಣ ಯಾವುದೇ ಇರಲಿ, ಸೈರನ್ ಒಮ್ಮೆ ನಿಂತ ಮೇಲೆ ದಶಕಗಟ್ಟಲೆ ಅದೇ ಕಂಬದ ಮೇಲೆ ಇದ್ದುಬಿಡುತ್ತದೆ. ಊರು ಮಾತ್ರ ಬೇರೆ ದಿಕ್ಕಿಗೆ ಬೆಳೆಯುತ್ತದೆ. ಕೊನೆಗೆ ಸೈರನ್ ಕೂಗುವುದು ಹೊಲಗಳಿಗೆ, ಜನ ಇರುವುದು ಇನ್ನೊಂದು ತುದಿಯಲ್ಲಿ. ಅದನ್ನು ಸರಿಪಡಿಸಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ನಮ್ಮ ಸೈರನ್ ತಪ್ಪು ಜಾಗದಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಬರುವುದು ದೂರುಗಳು. ಆದರೆ ದೂರಿನ ಮೇಲಷ್ಟೇ ಹೋಗಬೇಡಿ. ಪರೀಕ್ಷೆಗೆ ಸೈರನ್ ಕೂಗಿಸುವ ದಿನ, ಊರಿನ ಬೇರೆ ಬೇರೆ ಕಡೆ ಜನರನ್ನು ನಿಲ್ಲಿಸಿ. ಎಲ್ಲರೂ ಬಯಲಲ್ಲಿ ನಿಂತಿರಬೇಕು. ಚೆನ್ನಾಗಿ ಕೇಳಿಸಿತಾ, ಕಿವಿಗೊಟ್ಟಾಗ ಮಾತ್ರ ಕೇಳಿಸಿತಾ, ಕೇಳಿಸಲೇ ಇಲ್ಲವಾ ಅಂತ ಮೂರೇ ಉತ್ತರದಲ್ಲಿ ಬರೆದುಕೊಳ್ಳಲಿ. ಜೊತೆಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅನ್ನುವುದನ್ನೂ ಬರೆಯಲಿ. ಗಾಳಿಗೆ ಎದುರಾಗಿ ಹೋಗುವ ಶಬ್ದ ಮೇಲಕ್ಕೆ ಬಾಗುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಒಂದು ದಿನ ಕೇಳಿಸಿದ್ದು ಇನ್ನೊಂದು ದಿನ ಕೇಳಿಸದೇ ಇರಬಹುದು. ಎರಡು ಮೂರು ಪರೀಕ್ಷೆಗಳಲ್ಲೂ ಒಂದೇ ಬಡಾವಣೆಯವರು "ಇಲ್ಲ" ಅಂದರೆ ಅಲ್ಲಿ ನಿಜವಾಗಿಯೂ ಕಿವುಡು ಜಾಗ ಇದೆ ಅಂತ ಅರ್ಥ.

ಅದಕ್ಕೂ ಮುಂಚೆ ಸೈರನ್ ಪೂರ್ತಿ ಶಕ್ತಿಯಲ್ಲಿ ಕೂಗುತ್ತಿದೆಯಾ ಅಂತ ನೋಡಿ. ಹಕ್ಕಿಗೂಡು ಸೇರಿಕೊಂಡ ಹಾರ್ನ್, ಸತ್ತ ಬ್ಯಾಟರಿ, ತಿರುಗಬೇಕಾದ ತಲೆ ಒಂದೇ ಕಡೆ ಜಾಮ್ ಆಗಿರುವುದು, ಸ್ಪೀಕರ್ ಸೈರನ್ ಆದರೆ ಒಳಗೆ ಶಬ್ದ ಹುಟ್ಟಿಸುವ ಡ್ರೈವರ್ ಅನ್ನುವ ಭಾಗಗಳಲ್ಲಿ ಅರ್ಧ ಸುಟ್ಟಿರುವುದು: ಇವೆಲ್ಲ ದೂರದಿಂದ "ಜಾಗ ಸರಿಯಿಲ್ಲ" ಅನ್ನುವ ಹಾಗೇ ಕಾಣುತ್ತವೆ. ರಿಪೇರಿಯಲ್ಲಿ ಮುಗಿಯುವ ಕೆಲಸಕ್ಕೆ ಕಂಬ ಕೀಳುವುದು ಬೇಡ.

ಮನೆಯೊಳಗೆ ಕೇಳಿಸುವುದಿಲ್ಲ ಅಂತ ಜನ ಹೇಳುತ್ತಾರೆ. ಹತ್ತಿರ ತಂದರೆ ಸರಿಹೋಗುತ್ತದಾ?

ಸರಿಹೋಗುವುದಿಲ್ಲ. ಈ ಸೈರನ್ ಇರುವುದೇ ಹೊರಗಿರುವವರಿಗಾಗಿ. ಹೊಲ, ಆಟದ ಮೈದಾನ, ಸಂತೆ, ನದಿ ದಂಡೆ, ರಸ್ತೆ, ಇಂಥ ಕಡೆ ಇರುವವರನ್ನು ಒಳಗೆ ಹೋಗಿ ಸುದ್ದಿ ಕೇಳುವಂತೆ ಮಾಡುವುದು ಅದರ ಕೆಲಸ. ಗೋಡೆ, ಮುಚ್ಚಿದ ಕಿಟಕಿ, ಓಡುವ ಏಸಿ, ಟಿವಿ, ಇವೆಲ್ಲ ಸೇರಿ ಶಬ್ದದ ಬಹುಪಾಲನ್ನು ತಿಂದುಹಾಕುತ್ತವೆ. ಮಲಗಿದವರನ್ನೆಲ್ಲ ಎಬ್ಬಿಸುವಷ್ಟು ಸೈರನ್ ನಿಲ್ಲಿಸಲು ಹೊರಟರೆ ಸಣ್ಣ ಊರಿನ ಬಜೆಟ್ ಯಾವತ್ತೂ ಸಾಲುವುದಿಲ್ಲ.

ಮನೆಯೊಳಗಿನವರಿಗೆ ಮೊಬೈಲ್ ಎಚ್ಚರಿಕೆ, ರೇಡಿಯೊ, ಫೋನ್ ಕರೆ, ನೆರೆಯವರು ಬಾಗಿಲು ತಟ್ಟುವುದು, ಇಂಥ ದಾರಿ ಬೇಕು. ಇದನ್ನು ಜಾಗ ಬದಲಿಸುವ ಮೊದಲೇ ಜನರಿಗೆ ಬಿಡಿಸಿ ಹೇಳಿ. ಇಲ್ಲದಿದ್ದರೆ ಅಷ್ಟೆಲ್ಲ ಖರ್ಚು ಮಾಡಿದ ಮೇಲೂ "ಏನೂ ಪ್ರಯೋಜನ ಆಗಲಿಲ್ಲ" ಅನ್ನುವ ಮಾತೇ ಕೇಳಬೇಕಾಗುತ್ತದೆ.

ಒಂದು ಸೈರನ್ ಎಷ್ಟು ದೂರ ಕೇಳಿಸುತ್ತದೆ?

ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಕಷ್ಟದ್ದೇನಲ್ಲ, ಕಾಗದ ಪೆನ್ನು ಸಾಕು.

ಸೈರನ್ ಮೇಲೆ ಬರೆದಿರುವ ಡೆಸಿಬೆಲ್ ಸಾಮಾನ್ಯವಾಗಿ 100 ಅಡಿ, ಅಂದರೆ ಸುಮಾರು 30 ಮೀಟರ್ ದೂರದಲ್ಲಿ ಅಳೆದದ್ದು. ಅಡೆತಡೆ ಇಲ್ಲದ ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಊರಿನಲ್ಲಿ ಮನೆ, ಮರ, ನೆಲ, ಗಾಳಿ ಎಲ್ಲ ಸೇರಿ ಇನ್ನೂ ಜಾಸ್ತಿ ಇಳಿಸುತ್ತವೆ. ಅದಕ್ಕೇ ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಫೀಮಾ 1980ರಲ್ಲಿ ಹೊರಡಿಸಿದ ಸೈರನ್ ಮಾರ್ಗದರ್ಶಿ ದೂರ ಎರಡು ಪಟ್ಟಾದರೆ 10 ಡೆಸಿಬೆಲ್ ಇಳಿಕೆ ಅಂತ ಲೆಕ್ಕ ಹಿಡಿಯಿತು. ಇವತ್ತಿಗೂ ಬಹಳ ಕಡೆ ಮೊದಲ ಅಂದಾಜಿಗೆ ಇದನ್ನೇ ಬಳಸುತ್ತಾರೆ.

124 ಡೆಸಿಬೆಲ್‌ನ ಸೈರನ್ ತಗೊಳ್ಳಿ. 30 ಮೀಟರ್‌ನಲ್ಲಿ 124, 60ರಲ್ಲಿ 114, 120ರಲ್ಲಿ 104, 240ರಲ್ಲಿ 94, 480ರಲ್ಲಿ 84, 960ರಲ್ಲಿ 74. ಇನ್ನು ಸ್ವಲ್ಪ ಮುಂದೆ, ಸುಮಾರು 1,250 ಮೀಟರ್‌ನಲ್ಲಿ 70. ಜನವಸತಿ ಇರುವ ಕಡೆ 70 ಡೆಸಿಬೆಲ್ ಗೆರೆಯನ್ನೇ ಸೈರನ್ನಿನ ಎಲ್ಲೆ ಅಂತ ಇಟ್ಟುಕೊಳ್ಳುವುದು ರೂಢಿ. ಸುತ್ತಲಿನ ಗದ್ದಲಕ್ಕಿಂತ ಸುಮಾರು 10 ಡೆಸಿಬೆಲ್ ಮೇಲಿದ್ದರೆ ಮಾತ್ರ ಬೇರೆ ಏನೋ ಕೆಲಸದಲ್ಲಿರುವವರ ಗಮನ ಅತ್ತ ತಿರುಗುತ್ತದೆ.

ಈಗ 115 ಡೆಸಿಬೆಲ್‌ನದ್ದನ್ನು ನೋಡಿ. ಅದರ 70ರ ಗೆರೆ ಸುಮಾರು 680 ಮೀಟರ್‌ಗೇ ಮುಗಿಯುತ್ತದೆ. ಹೆಸರಿಗೆ 9 ಡೆಸಿಬೆಲ್ ಕಡಿಮೆ ಅಷ್ಟೇ. ಆದರೆ ಅದು ಮುಟ್ಟುವ ನೆಲ ದೊಡ್ಡ ಸೈರನ್ ಮುಟ್ಟುವುದರ ಮೂರನೇ ಒಂದು ಭಾಗವೂ ಆಗುವುದಿಲ್ಲ. "ಸಣ್ಣದು ಎರಡು ಹಾಕೋಣ, ಅಗ್ಗವಾಗುತ್ತೆ" ಅನ್ನುವವರಿಗೆ ಈ ಲೆಕ್ಕ ತೋರಿಸಿ. ಎರಡು ಸಣ್ಣದಕ್ಕೆ ಕಂಬ ಎರಡು, ಕರೆಂಟ್ ಸಂಪರ್ಕ ಎರಡು, ಕೂಗುವ ಆಜ್ಞೆ ಪಡೆಯುವ ರೇಡಿಯೊ ಎರಡು.

ಇದು ಅಂದಾಜು ಮಾತ್ರ. ಗುಡ್ಡದ ಹಿಂದೆ, ಎತ್ತರದ ಕಟ್ಟಡದ ಹಿಂದೆ, ಕಣಿವೆಯ ತಳದಲ್ಲಿ, ಸೈರನ್ ಸುತ್ತ ಎಳೆದ ಈ 70ರ ಗೆರೆಯ ವೃತ್ತ ಹರಿದುಹೋಗುತ್ತದೆ. ಬಿಸಿಲಿನ ಮಧ್ಯಾಹ್ನ ನೆಲದ ಹತ್ತಿರದ ಗಾಳಿ ಬಿಸಿಯಾಗಿ ಶಬ್ದ ಮೇಲಕ್ಕೆ ಬಾಗುತ್ತದೆ. ಶಾಂತವಾದ ರಾತ್ರಿ ಅದೇ ಸೈರನ್ ಬಹಳ ದೂರ ಹೋಗುತ್ತದೆ. "ರಾತ್ರಿ ಪಕ್ಕದ ಹಳ್ಳಿಗೂ ಕೇಳಿಸಿತ್ತು" ಅನ್ನುವ ಮಾತನ್ನು ನಂಬಿ ಕಂಬದ ಜಾಗ ನಿರ್ಧರಿಸಬೇಡಿ.

ಲೆಕ್ಕ ಗೊತ್ತಾಯಿತು. ಮ್ಯಾಪ್ ಮಾಡಿಸಲು ಕನ್ಸಲ್ಟೆಂಟ್ ಬೇಕೇ ಬೇಕಾ?

ಸಮತಟ್ಟಾದ, ಎರಡು ಮೂರು ಸೈರನ್ನಿನ ಊರಿಗೆ ಮೊದಲ ಮ್ಯಾಪ್ ನೀವೇ ಮಾಡಬಹುದು. ಊರಿನ ನಕ್ಷೆ ಮೇಲೆ ಈಗಿನ ಸೈರನ್‌ಗಳ ವೃತ್ತ ಎಳೆಯಿರಿ. ಆಮೇಲೆ ಬೇರೆ ಬಣ್ಣದಲ್ಲಿ ಜನ ಹೊರಗೆ ಇರುವ ಜಾಗಗಳನ್ನು ಗುರುತಿಸಿ: ಶಾಲೆಯ ಮೈದಾನ, ಮಾರುಕಟ್ಟೆ, ಬಸ್ ನಿಲ್ದಾಣ, ಕೆರೆ ದಂಡೆ, ಕಟ್ಟಡ ಕೆಲಸ ನಡೆಯುವ ಕಡೆ, ತಗಡಿನ ಮನೆ ಮತ್ತು ಟೆಂಟ್‌ಗಳಿರುವ ಕಡೆ. ಕೊನೆಯದನ್ನು ಮರೆಯಬೇಡಿ. ಗಟ್ಟಿ ಮನೆ ಇಲ್ಲದವರಿಗೆ ಎಲ್ಲರಿಗಿಂತ ಮೊದಲು ಎಚ್ಚರಿಕೆ ಬೇಕು, ಸಾಮಾನ್ಯವಾಗಿ ಅವರು ಇರುವುದು ಊರಿನ ಅಂಚಿನಲ್ಲಿ, ವೃತ್ತದ ಹೊರಗೆ. ಜಾಗ ಬದಲಿಸುವುದರಿಂದ ಒಂದೇ ಒಂದು ಒಳ್ಳೆಯದು ಆಗುವುದಾದರೆ ಅದು ಇವರನ್ನು ವೃತ್ತದ ಒಳಗೆ ತರುವುದೇ ಆಗಿರಲಿ ಅಂತ ನನಗೆ ಅನಿಸುತ್ತದೆ.

ಮ್ಯಾಪ್ ಎಳೆದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಊರಿನ ಅಂಚಿನಲ್ಲಿ ನಿಂತಿರುವ ಸೈರನ್ನಿನ ಅರ್ಧ ವೃತ್ತ ಖಾಲಿ ಜಾಗದ ಮೇಲೆ ಬಿದ್ದಿರುತ್ತದೆ. ಅದನ್ನು ಕೆಲವು ನೂರು ಮೀಟರ್ ಒಳಗೆ ತಂದರೆ ಹೊಸ ಸೈರನ್ ಕೊಳ್ಳದೆಯೇ ಎಷ್ಟೋ ಮನೆಗಳು ಸೇರಿಕೊಳ್ಳುತ್ತವೆ.

ಗುಡ್ಡಗಾಡು, ದೊಡ್ಡ ಹೆದ್ದಾರಿ, ಗದ್ದಲದ ಕಾರ್ಖಾನೆ ಇರುವ ಊರಾದರೆ ಕಂಪ್ಯೂಟರ್‌ನಲ್ಲಿ ಶಬ್ದದ ಮಾದರಿ ಮಾಡಿಸುವುದು ಒಳ್ಳೆಯದು. ಸೈರನ್ ಮಾರುವ ಕಂಪನಿಗಳು ಇದನ್ನು ಪುಕ್ಕಟೆ ಮಾಡಿಕೊಡುವುದುಂಟು. ತಗೊಳ್ಳಿ, ಆದರೆ ನೆಲದ ಏರಿಳಿತ ಸೇರಿಸಿದ್ದಾರಾ, ದೂರಕ್ಕೆ ಎಷ್ಟು ಡೆಸಿಬೆಲ್ ಇಳಿಕೆ ಹಿಡಿದಿದ್ದಾರೆ ಅಂತ ಕೇಳಿ. ನಿಮ್ಮದೇ ಕೈಮ್ಯಾಪ್ ಪಕ್ಕದಲ್ಲಿಟ್ಟು ಹೋಲಿಸಿ.

ಹಳೆಯದನ್ನೇ ಸಾಗಿಸಿದರೆ ಹೊಸದಕ್ಕಿಂತ ಅಗ್ಗ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ.

ಹೊಸ ಜಾಗಕ್ಕೆ ಏನೇನು ಬೇಕು ಅಂತ ಪಟ್ಟಿ ಮಾಡಿ. ಹೊಸ ಕಂಬ, ಗುಂಡಿ, ಕ್ರೇನ್, ಕರೆಂಟ್ ಸಂಪರ್ಕ, ಅರ್ತಿಂಗ್, ಕಂಟ್ರೋಲ್ ಪೆಟ್ಟಿಗೆ ಕೂರಿಸುವುದು, ಆಂಟೆನಾ, ಜಾಗದ ಕಾಗದ ಪತ್ರ. ಹೊಸ ಸೈರನ್ ಹಾಕಿದರೂ ಇದಿಷ್ಟೂ ಬೇಕು. ಹಳೆಯದನ್ನು ಸಾಗಿಸಿದರೆ ನೀವು ಉಳಿಸುವುದು ಸೈರನ್ ತಲೆಯ ಬೆಲೆಯನ್ನು, ಬಹಳ ಅಂದರೆ ಕಂಟ್ರೋಲ್ ಪೆಟ್ಟಿಗೆಯನ್ನು. ಅದರ ಮೇಲೆ ಹಳೆಯದನ್ನು ಇಳಿಸುವ ಖರ್ಚು ಬೇರೆ.

ಹಾಗಾಗಿ ಸೈರನ್ ಚೆನ್ನಾಗಿದ್ದು, ಬಿಡಿ ಭಾಗ ಸಿಗುತ್ತಿದ್ದು, ಇನ್ನೂ ಹತ್ತು ಹದಿನೈದು ವರ್ಷ ಬಾಳುತ್ತದೆ ಅನ್ನುವ ಭರವಸೆ ಇದ್ದರೆ ಸಾಗಿಸಿ. ಸಾಯುವ ಹಂತದಲ್ಲಿರುವುದನ್ನು ಹೊಸ ಕಂಬದ ಮೇಲೆ ಕೂರಿಸಿದರೆ ನಾಲ್ಕೇ ವರ್ಷದಲ್ಲಿ ಮತ್ತೆ ಕ್ರೇನ್ ಕರೆಸಬೇಕಾಗುತ್ತದೆ. ಖರ್ಚಿನ ಎರಡು ಅಂದಾಜು ಪಟ್ಟಿ ತರಿಸಿ, ಒಂದು ಸಾಗಿಸುವುದಕ್ಕೆ, ಇನ್ನೊಂದು ಅದೇ ಹೊಸ ಜಾಗದಲ್ಲಿ ಹೊಸ ಸೈರನ್ ನಿಲ್ಲಿಸುವುದಕ್ಕೆ. ಎರಡರ ನಡುವಿನ ಅಂತರ ನೋಡಿ ಆಮೇಲೆ ತೀರ್ಮಾನ ಮಾಡಿ.

ಹಳೆ ಸೈರನ್ ಇನ್ನೂ ಬಾಳುತ್ತದಾ ಅಂತ ಹೇಗೆ ನೋಡುವುದು?

ಮೋಟಾರ್ ಸೈರನ್ ಬಹಳ ಗಟ್ಟಿ. 1950ರ ದಶಕದಲ್ಲಿ ಮಾಡಿದ ಕೆಲವು ಇವತ್ತಿಗೂ ಕೂಗುತ್ತಿವೆ. ಅದರಲ್ಲಿ ನೋಡಬೇಕಾದದ್ದು ಬೇರಿಂಗ್, ಬ್ರಷ್, ವೈರಿಂಗ್‌ನ ಇನ್ಸುಲೇಷನ್, ತುಕ್ಕು, ತಲೆ ತಿರುಗಿಸುವ ಗೇರ್. ನಿಲ್ಲಿಸಿದ ಮೇಲೆ ಫ್ಯಾನ್ ನಿಧಾನವಾಗಿ ಸುತ್ತುತ್ತಾ ನಿಂತರೆ ಬೇರಿಂಗ್ ಚೆನ್ನಾಗಿದೆ. ಕಿರ್ರೆಂದು ಬೇಗ ನಿಂತರೆ ಚೆನ್ನಾಗಿಲ್ಲ. ತುಂಬಾ ಹಳೆಯದಾದರೆ ಬಣ್ಣದಲ್ಲಿ ಸೀಸ ಇರಬಹುದು, ಉಜ್ಜಿ ಕೆರೆಯುವ ಮುನ್ನ ಪರೀಕ್ಷೆ ಮಾಡಿಸಿ.

ಎಲೆಕ್ಟ್ರಾನಿಕ್, ಅಂದರೆ ಸ್ಪೀಕರ್ ಸೈರನ್‌ನಲ್ಲಿ ಕಬ್ಬಿಣಕ್ಕಿಂತ ಸರ್ಕ್ಯೂಟ್ ಮುಖ್ಯ. ಆಂಪ್ಲಿಫೈಯರ್ ಬೋರ್ಡ್ ಇನ್ನೂ ತಯಾರಾಗುತ್ತಿದೆಯಾ ಅಂತ ಕಂಪನಿಯನ್ನು ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಹೇಗೂ ಕೆಳಗೆ ಇಳಿಸುತ್ತೀರಲ್ಲ, ಆಗಲೇ ಬೇರಿಂಗ್, ಸೀಲ್, ಜಾಲರಿ, ಬೋಲ್ಟು ಎಲ್ಲ ಬದಲಿಸಿ. ನೆಲದ ಮೇಲೆ ಒಂದು ಗಂಟೆಯಲ್ಲಿ ಆಗುವ ಕೆಲಸಕ್ಕೆ ಆಮೇಲೆ ಮೇಲೆ ಹತ್ತಿಸಲು ಇಡೀ ದಿನದ ಬಾಡಿಗೆ ಕೊಡಬೇಕು.

ಹೊಸ ಜಾಗ ಯಾವುದು ಒಳ್ಳೆಯದು?

ಊರಿನ ಸ್ವಂತ ಜಾಗ. ಅಗ್ನಿಶಾಮಕ ಠಾಣೆ, ಪಂಪ್‌ಹೌಸ್, ಪಾರ್ಕ್, ಆಡಳಿತ ಕಚೇರಿಯ ಹಿತ್ತಲು, ಇಂಥವು. ಬಾಡಿಗೆ ಇಲ್ಲ, ಕರೆಂಟ್ ಅಲ್ಲೇ ಇರುತ್ತದೆ, ಲಾರಿ ಹೋಗಲು ದಾರಿ ಇರುತ್ತದೆ. ಮ್ಯಾಪ್‌ನಲ್ಲಿ ಬಂದ "ಅತ್ಯುತ್ತಮ" ಬಿಂದುವಿಗಿಂತ ನೂರು ಇನ್ನೂರು ಮೀಟರ್ ಆಚೀಚೆ ಇಂಥ ಜಾಗ ಇದ್ದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಅಷ್ಟು ಸರಿದರೆ ವೃತ್ತಕ್ಕೆ ದೊಡ್ಡ ನಷ್ಟವಿಲ್ಲ, ಜೇಬಿಗೆ ದೊಡ್ಡ ಲಾಭ.

ಖಾಸಗಿಯವರು "ನಮ್ಮ ಜಾಗದಲ್ಲಿ ಹಾಕಿಕೊಳ್ಳಿ" ಅಂತ ಪ್ರೀತಿಯಿಂದ ಹೇಳಿದರೂ ಬರಹದಲ್ಲಿ ಹಕ್ಕು ಪಡೆಯಿರಿ. ರಿಪೇರಿಗೆ ಯಾವಾಗ ಬೇಕಾದರೂ ಒಳಗೆ ಬರುವ ಹಕ್ಕೂ ಅದರಲ್ಲಿ ಇರಲಿ. ನಾಳೆ ಜಾಗ ಮಾರಿದರೆ ಹೊಸ ಮಾಲೀಕರು ಕಂಬ ಕಿತ್ತುಕೊಳ್ಳಿ ಅನ್ನಬಾರದಲ್ಲ.

ಪ್ರವಾಹದ ಎಚ್ಚರಿಕೆಗೆ ಅಂತಲೇ ಇರುವ ಸೈರನ್ನಿನ ಕಂಟ್ರೋಲ್ ಪೆಟ್ಟಿಗೆ ನೀರು ಬರುವ ಮಟ್ಟಕ್ಕಿಂತ ಮೇಲಿರಬೇಕು. ಸುಲಭದ ಮಾತು, ಆದರೂ ಜಾಗ ನೋಡಲು ಹೋದಾಗ ನದಿ ಎಷ್ಟು ಏರುತ್ತದೆ ಅಂತ ಅಲ್ಲಿನ ಹಿರಿಯರನ್ನು ಕೇಳಿ.

ಮರಗಳನ್ನೂ ನೋಡಿ. ಇವತ್ತು ಸೊಂಟದೆತ್ತರ ಇರುವ ಸಸಿಗಳು ಮುಂದೆ ಹಾರ್ನ್‌ಗೆ ಅಡ್ಡ ಬರುತ್ತವೆ.

ನೀರಿನ ಟ್ಯಾಂಕ್ ಅಥವಾ ಕಟ್ಟಡದ ಮೇಲೆ ಹಾಕಿದರೆ ಕಂಬದ ಖರ್ಚು ಉಳಿಯುತ್ತಲ್ಲ?

ಉಳಿಯುತ್ತದೆ, ಬೇರೆ ಖರ್ಚು ಬರುತ್ತದೆ. ದೊಡ್ಡ ಸೈರನ್ ನೂರಾರು ಕಿಲೋ ತೂಗುತ್ತದೆ, ಗಾಳಿ ತಳ್ಳುವ ಒತ್ತಡ ಬೇರೆ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಬೇಕು. ಟ್ಯಾಂಕ್‌ಗೆ ಬಣ್ಣ ಹೊಡೆಸುವಾಗ, ರಿಪೇರಿ ಮಾಡಿಸುವಾಗ ಸೈರನ್ ಬಿಚ್ಚಬೇಕಾಗುತ್ತದೆ. ಮೇಲೆ ಕೆಲಸ ಮಾಡುತ್ತಿರುವಾಗ ಅದು ಕೂಗಿದರೆ ಆ ಕೆಲಸಗಾರನ ಕಿವಿ ಹೋಗುತ್ತದೆ, ಬೆಚ್ಚಿ ಬಿದ್ದರೆ ಜೀವವೂ ಹೋಗಬಹುದು. ಕಂಬಕ್ಕೆ ಜಾಗ ಇದ್ದರೆ ಕಂಬವೇ ವಾಸಿ.

ಹಳೆ ಕಂಬವನ್ನೇ ಕಿತ್ತು ನೆಡಬಹುದಾ? ಎಷ್ಟು ಎತ್ತರ, ಎಷ್ಟು ಆಳ?

ಬೇಡ. ಮರದ ಕಂಬ ಮೊದಲು ಕೊಳೆಯುವುದೇ ನೆಲದ ಮಟ್ಟದಲ್ಲಿ. ಹೊರಗಿಂದ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರಬಹುದು.

ಸೈರನ್ ಸಾಮಾನ್ಯವಾಗಿ ನೆಲದಿಂದ 12ರಿಂದ 15 ಮೀಟರ್ ಮೇಲೆ ಇರುತ್ತದೆ, ಸುತ್ತಲಿನ ಮನೆಗಳ ಸೂರು ದಾಟಬೇಕು. ಮರದ ಕಂಬಕ್ಕೆ ಚಾಲ್ತಿಯಲ್ಲಿರುವ ಲೆಕ್ಕ: ಉದ್ದದ ಹತ್ತನೇ ಒಂದು ಭಾಗ, ಅದಕ್ಕೆ 2 ಅಡಿ ಸೇರಿಸಿ. 15 ಮೀಟರ್ ಕಂಬವಾದರೆ ಒಂದೂವರೆ ಮೀಟರ್ ಜೊತೆಗೆ 0.6, ಒಟ್ಟು 2.1 ಮೀಟರ್ ಮಣ್ಣೊಳಗೆ. ಹಾಗಾದರೆ ಮೇಲೆ ಉಳಿಯುವುದು 13 ಮೀಟರ್‌ಗೆ ಸ್ವಲ್ಪ ಕಡಿಮೆ. ಕಂಬ ಆರ್ಡರ್ ಮಾಡುವಾಗ ಇದನ್ನು ಕಳೆದೇ ಲೆಕ್ಕ ಹಾಕಿ. ಮಣ್ಣು ಸಡಿಲ ಅಥವಾ ಜೌಗು ಇದ್ದರೆ ಇನ್ನೂ ಆಳ ಬೇಕು.

ಅಗೆಯುವ ಮೊದಲು ಕೆಳಗೆ ಕೇಬಲ್, ನೀರಿನ ಪೈಪು, ಗ್ಯಾಸ್ ಪೈಪು ಇದೆಯಾ ಅಂತ ಆಯಾ ಇಲಾಖೆಯಿಂದ ಗುರುತು ಹಾಕಿಸಿಕೊಳ್ಳಿ. ಮೇಲೆ ಹೈಟೆನ್ಷನ್ ತಂತಿ ಹತ್ತಿರವಿದ್ದರೆ ಆ ಜಾಗ ಕೈಬಿಡಿ.

ಕರೆಂಟ್ ಹೇಗೆ? ಸೋಲಾರ್ ಸಾಕಾ?

ನಿಮ್ಮ ಸೈರನ್ ಯಾವ ಜಾತಿಯದು ಅನ್ನುವುದರ ಮೇಲೆ ಹೋಗುತ್ತದೆ.

ಬ್ಯಾಟರಿ ಇಲ್ಲದೆ ಲೈನ್ ಕರೆಂಟ್‌ನಲ್ಲೇ ಓಡುವ ದೊಡ್ಡ ಮೋಟಾರ್ ಸೈರನ್‌ಗೆ ಹಲವು ಸಲ ತ್ರೀ ಫೇಸ್ ಬೇಕು. ಹೊಸ ಜಾಗದಲ್ಲಿ ಅದು ಇಲ್ಲದಿದ್ದರೆ ಲೈನ್ ಎಳೆಸುವ ಖರ್ಚೇ ಯೋಜನೆಯನ್ನು ಮುಳುಗಿಸಬಹುದು. ಮೋಟಾರ್ ಶುರುವಾಗುವಾಗ ಓಡುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ವೈರ್ ತೆಳುವಾದರೆ ವೋಲ್ಟೇಜ್ ಕುಸಿದು ಫ್ಯಾನ್ ಪೂರ್ತಿ ವೇಗಕ್ಕೆ ಬರುವುದಿಲ್ಲ. ಆಗ ದನಿಯೂ ದಪ್ಪ, ಶಬ್ದವೂ ಕಡಿಮೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬಿರುಗಾಳಿ ಬಂದಾಗ ಮೊದಲು ಹೋಗುವುದೇ ಕರೆಂಟ್. ಆಗ ಈ ಸೈರನ್ ಮೂಕವಾಗುತ್ತದೆ.

ಬ್ಯಾಟರಿಯಲ್ಲಿ ಓಡುವ ಸೈರನ್‌ಗೆ ಬೇಕಾದದ್ದು ಚಾರ್ಜರ್‌ಗೆ ಸಣ್ಣ ಸಿಂಗಲ್ ಫೇಸ್ ಸಂಪರ್ಕ ಅಷ್ಟೇ. ಸುಮ್ನೆ ನಿಂತಿರುವಾಗ ಅದು ತಿನ್ನುವ ಕರೆಂಟ್ ಬಹಳ ಕಡಿಮೆ, ಹಾಗಾಗಿ ಸೋಲಾರ್ ಪ್ಯಾನೆಲ್ ಕೂಡ ಸಾಕಾಗುತ್ತದೆ. ಲೈನ್ ದೂರವಿರುವ ಜಾಗದಲ್ಲಿ ಇದು ನಿಜವಾಗಿಯೂ ದುಡ್ಡು ಉಳಿಸುವ ದಾರಿ. ಮೋಡ ಮುಚ್ಚಿದ ವಾರಗಳನ್ನು ಲೆಕ್ಕಕ್ಕೆ ಹಿಡಿದೇ ಪ್ಯಾನೆಲ್ ಅಳತೆ ನಿರ್ಧರಿಸಿ.

ಸೀಸದ ಬ್ಯಾಟರಿಗೆ ಬಿಸಿ ಒಗ್ಗುವುದಿಲ್ಲ. 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಪೆಟ್ಟಿಗೆಯನ್ನು ಮಧ್ಯಾಹ್ನದ ಮೇಲಿನ ಬಿಸಿಲು ಬೀಳದ ಕಡೆ ಕೂರಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ, ಉಳಿತಾಯ ಮಾತ್ರ ದೊಡ್ಡದು.

ಸೈರನ್ ಜಾಗ ಬದಲಾದರೆ ರೇಡಿಯೊ ಕಂಟ್ರೋಲ್ ಹಾಗೇ ಕೆಲಸ ಮಾಡುತ್ತದಾ?

ಮಾಡಬಹುದು, ಮಾಡದೇ ಇರಬಹುದು. ಕಂಬ ನೆಡುವ ಮೊದಲೇ ಆ ಜಾಗದಲ್ಲಿ ನಿಂತು ರೇಡಿಯೊ ಸಿಗ್ನಲ್ ಬರುತ್ತದಾ ನೋಡಿ. ಒಬ್ಬರು ಹ್ಯಾಂಡ್‌ಸೆಟ್ ಹಿಡಿದು ಹೋದರೆ ಸಾಕು. ಸೈರನ್ ಇರುವ ಜಾಗದ ವಿವರ ನಿಮ್ಮ ರೇಡಿಯೊ ಲೈಸೆನ್ಸ್‌ನಲ್ಲಿ ಇದ್ದರೆ ಅದನ್ನೂ ತಿದ್ದಿಸಬೇಕು.

ಹಳೆ ವ್ಯವಸ್ಥೆಗಳು ಒಂದೇ ದಾರಿಯವು: ಆಜ್ಞೆ ಹೋಗುತ್ತದೆ, ಉತ್ತರ ಬರುವುದಿಲ್ಲ. ಸೈರನ್ ಕೂಗಿತಾ ಅಂತ ತಿಳಿಯಲು ಯಾರಾದರೂ ಅಲ್ಲಿ ನಿಂತಿರಬೇಕು. ಜಾಗ ಬದಲಿಸುವಾಗ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದರೆ ಎರಡು ದಾರಿಯ ರೇಡಿಯೊಗೆ ಹಾಕಿ. ಬ್ಯಾಟರಿ ಇಳಿದಿದೆ, ಬಾಗಿಲು ತೆರೆದಿದೆ, ಕರೆಂಟ್ ಹೋಗಿದೆ ಅಂತ ಅದೇ ಹೇಳುತ್ತದೆ.

ಭದ್ರತೆಯ ಮಾತು ಕೂಡ ಇದೆ. 2017ರ ಏಪ್ರಿಲ್ 7ರ ರಾತ್ರಿ ಅಮೆರಿಕದ ಡಲ್ಲಾಸ್ ನಗರದಲ್ಲಿ 156 ಸೈರನ್‌ಗಳು ಒಟ್ಟಿಗೆ ಕೂಗಿದವು. ಯಾವ ಅಪಾಯವೂ ಇರಲಿಲ್ಲ. ಯಾರೋ ಹೊರಗಿನವರು ರೇಡಿಯೊ ಸಂಕೇತ ಕಳಿಸಿ ಅವನ್ನು ಚಾಲೂ ಮಾಡಿದ್ದರು. ಆಮೇಲೆ ಆ ನಗರ ಸಂಕೇತಕ್ಕೆ ಎನ್‌ಕ್ರಿಪ್ಷನ್, ಅಂದರೆ ಗುಟ್ಟಿನ ಬೀಗ, ಸೇರಿಸಿತು. ಹಳೆ ವ್ಯವಸ್ಥೆಗಳಲ್ಲಿ ಆಜ್ಞೆಯಾಗಿ ಕಳಿಸುವ ಟೋನ್‌ಗಳನ್ನು (ಸ್ವರಗಳನ್ನು) ಯಾರು ಬೇಕಾದರೂ ಕೇಳಿಸಿಕೊಂಡು ಮತ್ತೆ ಕಳಿಸಬಹುದು. ನಿಮ್ಮ ಊರು ಸಣ್ಣದಾದರೂ ನಿಮ್ಮ ಟೋನ್‌ಗಳೂ ಅಷ್ಟೇ ಬಯಲಲ್ಲಿವೆ. ಕಂಟ್ರೋಲ್ ಪೆಟ್ಟಿಗೆ ಹೇಗೂ ಬಿಚ್ಚುತ್ತೀರಿ, ಈ ವಿಷಯ ಆಗಲೇ ಮುಗಿಸಿ.

ಹೊಸ ಜಾಗದ ಅಕ್ಕಪಕ್ಕದವರು ಬೇಡ ಅಂತಿದ್ದಾರೆ. ಅವರ ಕಿವಿಗೆ ತೊಂದರೆ ಇದೆಯಾ?

ಅವರ ಆತಂಕ ನ್ಯಾಯವಾದದ್ದು, ಗೌರವದಿಂದ ಕೇಳಿಸಿಕೊಳ್ಳಿ. ಜನ ಓಡಾಡುವ ನೆಲದ ಮಟ್ಟದಲ್ಲಿ ಶಬ್ದ 123 ಡೆಸಿಬೆಲ್ ಮೀರಬಾರದು ಅಂತ ಮೇಲೆ ಹೇಳಿದ ಫೀಮಾ ಮಾರ್ಗದರ್ಶಿಯಲ್ಲೇ ಇದೆ. ಸೈರನ್ ಶಬ್ದವನ್ನು ಹೆಚ್ಚಾಗಿ ಅಡ್ಡಕ್ಕೆ ಎಸೆಯುತ್ತದೆ. ಆದ್ದರಿಂದ ಎತ್ತರದ ಕಂಬದ ಬುಡದಲ್ಲಿ ಶಬ್ದ ಕಡಿಮೆಯಾಗುತ್ತದೆ. ಎತ್ತರ ಕಡಿಮೆ ಮಾಡಿ ದುಡ್ಡು ಉಳಿಸಲು ಹೋದರೆ ದೂರದವರಿಗೂ ಕೇಳಿಸುವುದಿಲ್ಲ, ಹತ್ತಿರದವರ ಕಿವಿಗೂ ಪೆಟ್ಟು. ಪಕ್ಕದಲ್ಲೇ ಎರಡು ಮೂರು ಮಹಡಿ ಮನೆ ಇದ್ದು ಅದರ ಕಿಟಕಿ ಹಾರ್ನ್‌ನ ಮಟ್ಟಕ್ಕೇ ಬಂದರೆ ಆ ಜಾಗ ಬೇಡ.

ಪರೀಕ್ಷೆಯ ದಿನ, ಸಮಯ ಮೊದಲೇ ತಿಳಿಸಿ, ಅದನ್ನು ತಪ್ಪಬೇಡಿ. ನೆದರ್ಲೆಂಡ್ಸ್‌ನಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ಸೈರನ್ ಪರೀಕ್ಷೆ. ಎಲ್ಲರಿಗೂ ಗೊತ್ತು, ಯಾರೂ ಗಾಬರಿ ಬೀಳುವುದಿಲ್ಲ. ವಾರ ವಾರ ಪೂರ್ತಿ ಕೂಗಿಸುವ ಅಗತ್ಯವೂ ಇಲ್ಲ. ಮೋಟಾರ್ ಸೈರನ್‌ನ್ನು ಒಂದೆರಡು ಸೆಕೆಂಡ್ ಗುರ್ ಅನ್ನಿಸಿ ನಿಲ್ಲಿಸಬಹುದು. ಹಲವು ಎಲೆಕ್ಟ್ರಾನಿಕ್ ಸೈರನ್‌ಗಳಲ್ಲಿ ಕಿವಿಗೆ ಕೇಳಿಸದ ಸ್ವರದಲ್ಲಿ ಸದ್ದಿಲ್ಲದ ಪರೀಕ್ಷೆ ಮಾಡುವ ಸೌಲಭ್ಯ ಇದೆ.

ಮಕ್ಕಳು, ವಯಸ್ಸಾದವರು, ಯುದ್ಧ ನೋಡಿ ಬಂದವರು ಹತ್ತಿರದಲ್ಲಿದ್ದರೆ ಮೊದಲ ಸಲ ಕೂಗಿಸುವ ಮುನ್ನ ಮನೆಗೇ ಹೋಗಿ ಹೇಳಿ. ಚೀಟಿ ಅಂಟಿಸಿದರೆ ಸಾಲದು.

ಸಾಗಿಸುವಾಗ ಸೈರನ್ ಇಲ್ಲದ ದಿನಗಳಲ್ಲಿ ಏನು ಮಾಡುವುದು?

ಆ ದಿನಗಳನ್ನೇ ಆದಷ್ಟು ಕಡಿಮೆ ಮಾಡಿ. ಹೊಸ ಕಂಬ, ಕರೆಂಟ್, ಅರ್ತಿಂಗ್ ಎಲ್ಲ ಮುಗಿದು ಪರೀಕ್ಷೆಯೂ ಆದ ಮೇಲೆ ಮಾತ್ರ ಹಳೆಯದನ್ನು ಮುಟ್ಟಿ. ಹೀಗೆ ಮಾಡಿದರೆ ಬೆಳಿಗ್ಗೆ ಇಳಿಸಿದ್ದು ಸಂಜೆಗೆ ಹೊಸ ಕಂಬದ ಮೇಲೆ ಇರುತ್ತದೆ, ರಿಪೇರಿ ಇದ್ದರೆ ಕೆಲವು ದಿನ. ಹಲವು ಸೈರನ್ ಇದ್ದರೆ ಒಂದೊಂದಾಗಿ ಸಾಗಿಸಿ, ಕ್ರೇನ್ ಬಾಡಿಗೆ ಉಳಿಯುತ್ತದೆ ಅಂತ ಎಲ್ಲವನ್ನೂ ಒಂದೇ ವಾರ ಬಿಚ್ಚಿಡಬೇಡಿ. ಅಪಾಯದ ಋತು ಮುಗಿದ ಮೇಲೆ ಕೆಲಸ ಇಟ್ಟುಕೊಳ್ಳಿ.

ಆ ಬಡಾವಣೆಗೆ ಮೈಕ್ ಕಟ್ಟಿದ ವಾಹನ ಸಿದ್ಧವಿರಲಿ. ಯಾರು ಓಡಿಸುತ್ತಾರೆ, ಯಾವ ರಸ್ತೆಗಳಲ್ಲಿ ಹೋಗುತ್ತಾರೆ ಅನ್ನುವುದು ಕಾಗದದಲ್ಲಿ ಇರಲಿ.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಗುಂಡಿ ತೋಡುವುದು, ಜಾಗ ಸ್ವಚ್ಛ ಮಾಡುವುದು, ಕೇಬಲ್‌ಗೆ ಕಾಲುವೆ ಅಗೆಯುವುದು, ಬೇಲಿ ಹಾಕುವುದು ಊರಿನ ಕೆಲಸಗಾರರಿಂದಲೇ ಆಗುತ್ತದೆ. ವಿದ್ಯುತ್ ಕಂಪನಿಯವರು ಅದೇ ರಸ್ತೆಯಲ್ಲಿ ಕಂಬ ಬದಲಿಸಲು ಬರುವ ಸಮಯ ಕೇಳಿ, ನಿಮ್ಮ ಕಂಬವನ್ನೂ ಅದೇ ದಿನ ನೆಡಿಸಿಕೊಳ್ಳಿ. ಪಕ್ಕದ ಊರಿಗೂ ಸೈರನ್ ಕೆಲಸ ಇದ್ದರೆ ಕ್ರೇನ್ ಮತ್ತು ತಂತ್ರಜ್ಞರನ್ನು ಒಟ್ಟಿಗೆ ಕರೆಸಿ ಖರ್ಚು ಹಂಚಿಕೊಳ್ಳಿ. ಹತ್ತಿರದಲ್ಲಿ ಅಪಾಯದ ರಾಸಾಯನಿಕ ಇಟ್ಟುಕೊಂಡ ಕಾರ್ಖಾನೆ ಅಥವಾ ಅಣೆಕಟ್ಟು ಇದ್ದರೆ ಅವರಿಂದ ಪಾಲು ಕೇಳಲು ಹಿಂಜರಿಯಬೇಡಿ. ವಿಪತ್ತು ತಡೆಗಟ್ಟುವ ಅನುದಾನಗಳಿಗೆ ಅರ್ಜಿ ಹಾಕುವುದಾದರೆ ಕೆಲಸ ಶುರು ಮಾಡುವ ಮೊದಲೇ ಹಾಕಿ. ಶುರುವಾದ ಕೆಲಸಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ನಿಯಮ ಬಹಳ ಕಡೆ ಇರುತ್ತದೆ.

ಅರ್ತಿಂಗ್ ಮತ್ತು ಸಿಡಿಲು ತಡೆಯಲ್ಲಿ ಮಾತ್ರ ಒಂದು ಪೈಸೆಯನ್ನೂ ಉಳಿಸಬೇಡಿ. ಸುತ್ತಲಲ್ಲಿ ಎಲ್ಲಕ್ಕಿಂತ ಎತ್ತರದ ಲೋಹದ ವಸ್ತುವನ್ನು ಮಳೆಗಾಲಕ್ಕೆ ಒಡ್ಡಿ ನಿಲ್ಲಿಸುತ್ತಿದ್ದೀರಿ. ಹಾಗೆಯೇ ಜನರನ್ನು ಎತ್ತುವ ಬಕೆಟ್ ಲಾರಿಯಿಂದ ಸೈರನ್ ಎತ್ತಿಸಬೇಡಿ. ಅದು ಆ ತೂಕಕ್ಕೆ ಮಾಡಿದ್ದಲ್ಲ. ಬ್ಯಾಟರಿ ಹೊಸದೇ ಇರಲಿ, ಪೆಟ್ಟಿಗೆಯಲ್ಲಿರುವ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದು ಹಳೆಯದು ಉಳಿದರೆ ಹೊಸವನ್ನೂ ಕೆಡಿಸುತ್ತದೆ.

ಮಾತಾಡುವ ಸೈರನ್ ಹಾಕೋಣ ಅಂತ ಕೆಲವರು ಹೇಳುತ್ತಾರೆ.

ಒಂದೇ ಮೈದಾನಕ್ಕೆ, ಒಂದೇ ಕಾರ್ಖಾನೆ ಆವರಣಕ್ಕೆ ಚೆನ್ನಾಗಿರುತ್ತದೆ. ಇಡೀ ಊರಿಗೆ ಕಷ್ಟ. ಶಬ್ದ ಒಂದು ಕಿಲೋಮೀಟರ್ ಹೋಗಲು ಸುಮಾರು 3 ಸೆಕೆಂಡ್ ತಗೊಳ್ಳುತ್ತದೆ. ಎರಡು ಸೈರನ್‌ಗಳ ನಡುವೆ ನಿಂತವರಿಗೆ ಅದೇ ಮಾತು ಎರಡು ಸಲ, ಒಂದರ ಮೇಲೊಂದು ಬಿದ್ದು ಕೇಳಿಸುತ್ತದೆ. ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ.

ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಸೈರನ್ ಸಾಗಿಸುವ ಬದಲು ತೆಗೆದೇ ಹಾಕಿದರೆ?

ಜರ್ಮನಿ ಹಾಗೆ ಮಾಡಿ ನೋಡಿದೆ. ಶೀತಲ ಸಮರ ಮುಗಿದ ಮೇಲೆ ಅಲ್ಲಿ ಸಾವಿರಾರು ಸೈರನ್‌ಗಳನ್ನು ಕಳಚಿದರು. 2020ರ ಸೆಪ್ಟೆಂಬರ್ 10ರಂದು ದೇಶಾದ್ಯಂತ ಎಚ್ಚರಿಕೆ ಪರೀಕ್ಷೆ ನಡೆದಾಗ ಎಷ್ಟೋ ಊರುಗಳಲ್ಲಿ ಸೈರನ್ನೇ ಇರಲಿಲ್ಲ, ಫೋನ್ ಆ್ಯಪ್ ಸಂದೇಶವೂ ತಡವಾಗಿ ಬಂತು. ಮರುವರ್ಷ ಜುಲೈನಲ್ಲಿ ಭೀಕರ ಪ್ರವಾಹ ಬಂತು. ಆಮೇಲೆ ಸೈರನ್‌ಗಳಿಗೆ ಮತ್ತೆ ಹಣ ಇಟ್ಟರು, ಜೊತೆಗೆ ಮೊಬೈಲ್‌ಗಳಿಗೆ ನೇರ ಎಚ್ಚರಿಕೆ ಕಳಿಸುವ ವ್ಯವಸ್ಥೆಯನ್ನೂ ತಂದರು.

ಟವರ್ ಬಿದ್ದರೆ ಮೊಬೈಲ್ ಇಲ್ಲ. ಹೊಲದಲ್ಲಿರುವವರ ಫೋನ್ ಮನೆಯಲ್ಲಿರುತ್ತದೆ. ಮಕ್ಕಳ ಕೈಯಲ್ಲಿ ಫೋನೇ ಇರುವುದಿಲ್ಲ. ಎರಡೂ ಬೇಕು.

ಜಾಗ ಸರಿಯಾಯಿತು. ಇನ್ನು ಜನ ಸರಿಯಾಗಿ ಪ್ರತಿಕ್ರಿಯಿಸುತ್ತಾರಾ?

ಸೈರನ್ ಕೂಗಿದರೆ ಏನು ಅರ್ಥ, ಏನು ಮಾಡಬೇಕು ಅಂತ ಊರಿಗೆ ಗೊತ್ತಿದ್ದರೆ ಮಾತ್ರ. ಶಿಕಾಗೊದಲ್ಲಿ 1959ರ ಸೆಪ್ಟೆಂಬರ್ 22ರ ರಾತ್ರಿ ಬೇಸ್‌ಬಾಲ್ ತಂಡ ಗೆದ್ದ ಖುಷಿಗೆ ವಾಯುದಾಳಿಯ ಸೈರನ್ ಕೂಗಿಸಿದರು. ಯುದ್ಧವೇ ಬಂತೆಂದು ಎಷ್ಟೋ ಜನ ನಡುಗಿದರು. ಹಬ್ಬಕ್ಕೆ, ಗೆಲುವಿಗೆ, ಊಟದ ಹೊತ್ತಿಗೆ ಸೈರನ್ ಬಳಸುವುದನ್ನು ನಿಲ್ಲಿಸಿ.

ಅಮೆರಿಕದ ಜಾಪ್ಲಿನ್ ಊರಿಗೆ 2011ರ ಮೇ 22ರಂದು ಸುಂಟರಗಾಳಿ ಬಡಿದು 150ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನಡೆದ ತನಿಖೆಯಲ್ಲಿ ಗೊತ್ತಾದದ್ದು, ಸೈರನ್ ಕೇಳಿದರೂ ಬಹಳ ಜನ ತಕ್ಷಣ ಆಸರೆಗೆ ಹೋಗಲಿಲ್ಲ. ಸೈರನ್ ಪದೇ ಪದೇ ಕೇಳಿ ರೂಢಿಯಾಗಿತ್ತು, ಬೇರೆ ಕಡೆಯಿಂದ ಖಾತ್ರಿಯಾಗಲಿ ಅಂತ ಕಾದರು.

2023ರ ಆಗಸ್ಟ್ 8ರಂದು ಹವಾಯಿಯ ಲಹೈನಾ ಪಟ್ಟಣ ಕಾಡ್ಗಿಚ್ಚಿನಲ್ಲಿ ಉರಿಯುವಾಗ ಸೈರನ್‌ಗಳು ಇದ್ದರೂ ಕೂಗಿಸಲಿಲ್ಲ. ಅಲ್ಲಿನ ಜನ ಸೈರನ್ ಅಂದರೆ ಸುನಾಮಿ ಅಂದುಕೊಂಡು ಬೆಟ್ಟದ ಕಡೆ, ಬೆಂಕಿಯ ಕಡೆಗೇ ಓಡಬಹುದು ಅನ್ನುವುದು ಅಧಿಕಾರಿಗಳು ಕೊಟ್ಟ ಕಾರಣ. ಈ ಘಟನೆ ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ನಿಮ್ಮ ಸೈರನ್ ಯಾವ ಯಾವ ಅಪಾಯಕ್ಕೆ ಕೂಗುತ್ತದೆ, ಕೂಗಿಸುವ ತೀರ್ಮಾನ ಯಾರದು, ಅವರು ಸಿಗದಿದ್ದರೆ ಮುಂದಿನವರು ಯಾರು, ಇವಿಷ್ಟನ್ನೂ ಬರೆದಿಡಿ. ಹೊಸ ಜಾಗದ ಉದ್ಘಾಟನೆಯ ದಿನವೇ ಅದನ್ನು ಎಲ್ಲರಿಗೂ ಹಂಚಿ.

ಈ ವರ್ಷ ಒಂದೇ ಸೈರನ್ ಸಾಗಿಸಲು ದುಡ್ಡಿದೆ. ಯಾವುದನ್ನು ಮೊದಲು?

ಮ್ಯಾಪ್ ತೆಗೆದು ಒಂದೊಂದು ಸೈರನ್ನಿನ ವೃತ್ತವನ್ನು ಬೆರಳಿಂದ ಮುಚ್ಚಿ. ಯಾವುದನ್ನು ಮುಚ್ಚಿದರೂ ಹೊರಗೆ ಉಳಿಯುವವರು ಅತಿ ಕಡಿಮೆಯೋ ಅದನ್ನು ಸಾಗಿಸಿ, ಅತಿ ಜಾಸ್ತಿ ಜನ ಹೊರಗೆ ಉಳಿದಿರುವ ಕಡೆಗೆ. ಕರೆಂಟ್ ಹೋದರೆ ಮೂಕವಾಗುವ ಸೈರನ್ ಇನ್ನೊಂದಿದ್ದರೆ ಮುಂದಿನ ವರ್ಷದ ದುಡ್ಡು ಅದಕ್ಕೆ. ಅಲ್ಲಿಯವರೆಗೆ ಇರುವವುಗಳ ಬ್ಯಾಟರಿ ತಿಂಗಳಿಗೊಮ್ಮೆ ನೋಡಿ, ವೋಲ್ಟೇಜ್ ಬರೆದಿಡಿ, ನೋಡಿದವರ ಸಹಿ ಹಾಕಿಸಿ.